15ನ್ನು 26ರಿಂದ ಭಾಗಿಸಿದಾಗ

2023ರ ಮಾರ್ಚ್ ಕೊನೆಯಲ್ಲಿ ನನ್ನ ಕೆಲಸ ಹೋಯಿತು. ಕಲಬುರಗಿ ಜಿಲ್ಲೆಯ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ 8 ವರ್ಷ 7 ತಿಂಗಳು ಬೋಲ್ಟು, ಬೇರಿಂಗುಗಳ ಲೆಕ್ಕ ಬರೆದ ನಾನು ನನ್ನದೇ ಸಂಬಳದ ಚೀಟಿಯನ್ನು ಒಮ್ಮೆಯೂ ಪೂರ್ತಿ ಓದಿರಲಿಲ್ಲವೆಂಬುದು ಮೊದಲ ವಾರದಲ್ಲೇ ಅರಿವಾಯಿತು. "ಇವತ್ತ ಡ್ಯೂಟಿಗಿ ಹೋಗಿಲ್ಲೇನ್ರೀ?" ಎಂದು ಎದುರು ಮನೆಯ ಕಾಕಾ ಕೇಳಿದಾಗ "ರಜಾ ಅದರೀ ಕಾಕಾ" ಎಂದು ಸುಳ್ಳು ಹೇಳಿ ಒಳಗೆ ಬಂದು, ಹೆಂಡತಿಯ ಹಾಲಿನ ಲೆಕ್ಕದ ಪುಸ್ತಕವನ್ನು ತಿರುವಿ ಹಾಕಿ, ಹಿಂದಿನ ಎರಡು ಪುಟಗಳಿಗೆ 'ಕೊಡಬೇಕಾದದ್ದು', 'ಬರಬೇಕಾದದ್ದು' ಎಂದು ತಲೆಬರಹ ಬರೆದೆ.

ಅಡುಗೆಮನೆಯ ಚಿಂತೆ ಅಷ್ಟಾಗಿ ಕಾಡಲಿಲ್ಲ. ಸುಗ್ಗಿಯಲ್ಲಿ ಕೊಂಡ ಜೋಳ ಮತ್ತು ತೊಗರಿಬೇಳೆ ವರ್ಷಕ್ಕಾಗುವಷ್ಟು ಮನೆಯಲ್ಲಿದ್ದವು. ಕೂಲರಿನ ಕರೆಂಟ್ ಬಿಲ್ ಮಾತ್ರ ಇಳಿಯಲಿಲ್ಲ. ಕೂಲರ್ ನಿಲ್ಲಿಸಿ ಹಣ ಉಳಿಸಿ ಎನ್ನುವವರು ನಮ್ಮೂರಿನಲ್ಲಿ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಕಳೆದು ಮಾತನಾಡಲಿ. ಕಂಪನಿಯ ಗುಂಪು ವಿಮೆ ಕೊನೆಯ ದಿನಕ್ಕೇ ಮುಗಿದಿದ್ದರಿಂದ ಅವ್ವನನ್ನೂ ಸೇರಿಸಿ ಬೇರೆ ವಿಮೆ ಮಾಡಿಸಬೇಕಾಯಿತು.

ಕೊಡಬೇಕಾದವುಗಳಲ್ಲಿ ನನ್ನನ್ನು ಮೋಸಗೊಳಿಸಿದ್ದು ಕ್ರೆಡಿಟ್ ಕಾರ್ಡ್. 46,000 ರೂಪಾಯಿ ಬಾಕಿಗೆ ಕನಿಷ್ಠ ಮೊತ್ತವಾದ 2,300 ರೂಪಾಯಿ ಕಟ್ಟಿದರೆ ಒಂದು ತಿಂಗಳು ನೆಮ್ಮದಿ ಎಂದುಕೊಂಡಿದ್ದೆ. ತಿಂಗಳಿಗೆ ಶೇ. 3.5ರ ಬಡ್ಡಿ 1,610 ರೂಪಾಯಿ, ಅದರ ಮೇಲೆ ಶೇ. 18ರ ಜಿಎಸ್‌ಟಿ ಸೇರಿ ಸುಮಾರು 1,900 ರೂಪಾಯಿ ಹೋಗಿ, ಅಸಲಿಗೆ ತಲುಪುತ್ತಿದ್ದದ್ದು ಬರೀ 400 ರೂಪಾಯಿ. ವರ್ಷಕ್ಕೆ ಶೇ. 6ರಷ್ಟು ಬಡ್ಡಿ ತರುವ ಠೇವಣಿಯನ್ನು ಆಪತ್ತಿಗೆಂದು ಜೋಪಾನವಾಗಿಟ್ಟು, ವರ್ಷಕ್ಕೆ ಶೇ. 42ರ ಸಾಲವನ್ನು ಸಾಕುವುದು ಎಂಥ ಜಾಣತನ? ಮರುದಿನವೇ ಠೇವಣಿ ಮುರಿಸಿ ಕಾರ್ಡ್ ತೀರಿಸಿದೆ.

ಬರಬೇಕಾದದ್ದರಲ್ಲಿ ಪಿಎಫ್ ಮೊದಲನೆಯದು. ಆಗಿನ ನಿಯಮದಂತೆ ಕೆಲಸ ಬಿಟ್ಟ ಒಂದು ತಿಂಗಳಿಗೆ ಶೇ. 75, ಎರಡು ತಿಂಗಳಿಗೆ ಉಳಿದದ್ದು ಸಿಗಬೇಕಿತ್ತು. ಕೆಲಸ ಬಿಟ್ಟ ದಿನಾಂಕವನ್ನು ಕಂಪನಿಯವರು ತುಂಬಿಸದೆ ಇದ್ದುದರಿಂದ ಅರ್ಜಿ ಮುಂದಕ್ಕೆ ಹೋಗಲೇ ಇಲ್ಲ. ಎರಡು ತಿಂಗಳು ಕಾದು ನಾನೇ ಆನ್‌ಲೈನ್‌ನಲ್ಲಿ ತುಂಬಿಸಿದೆ.

ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳದಂತೆ ಲೆಕ್ಕ ಹಾಕಿ ಕೆಲಸ ಬಿಟ್ಟವರಿಗೆ ಕಂಪನಿ ಕೊಡುವ ಗ್ರಾಚ್ಯುಟಿಯದು ಬೇರೆಯೇ ಕಥೆ. ಕೈಗೆ ಬಂದದ್ದು 72,800 ರೂಪಾಯಿ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ನನ್ನ ಕೊನೆಯ ಸಂಬಳ 18,200 ರೂಪಾಯಿ. ಅವರು ಅದನ್ನು 30ರಿಂದ ಭಾಗಿಸಿ, 15 ದಿನಕ್ಕೆ 9,100 ಎಂದು ಹಿಡಿದು, 8 ವರ್ಷಕ್ಕೆ ಗುಣಿಸಿದ್ದರು. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯ ಪ್ರಕಾರ ತಿಂಗಳ ಸಂಬಳವನ್ನು ಭಾಗಿಸಬೇಕಿದ್ದದ್ದು 26ರಿಂದ, ಆರು ತಿಂಗಳು ಮೀರಿದ ಸೇವೆಯನ್ನು ಪೂರ್ಣ ವರ್ಷವೆಂದೇ ಎಣಿಸಬೇಕಿತ್ತು. ಹಾಗೆ ನೋಡಿದರೆ 15 ದಿನಕ್ಕೆ 10,500, ಅದರ 9 ಪಟ್ಟು 94,500. ಹಾಲಿನ ಪುಸ್ತಕದಲ್ಲಿ ಮೂರು ಸಲ ಗುಣಿಸಿ ನೋಡಿದೆ. ಪ್ರತಿ ಸಲವೂ 21,700 ಕಡಿಮೆ ಬಂದಿತ್ತು.

ಫೋನಿನಲ್ಲಿ ಕೇಳಿದರೆ "ಸಿಸ್ಟಮ್ ಹಂಗೇ ತೋರಸ್ತದ್ರೀ" ಎಂಬ ಉತ್ತರ ಬಂತು. ಲೆಕ್ಕವನ್ನು ಒಂದು ಹಾಳೆಯಲ್ಲಿ ಬಿಡಿಸಿ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ ಮೇಲೆ, ಆಗಸ್ಟ್‌ನಲ್ಲಿ ಯಾವ ವಿವರಣೆಯೂ ಇಲ್ಲದೆ 21,700 ರೂಪಾಯಿ ಖಾತೆಗೆ ಬಂದು ಬಿತ್ತು. ಮಗಳ ಶಾಲೆಯ ಎರಡನೆಯ ಕಂತಿಗೆ ಸರಿಹೋಯಿತು. 30 ದಿನಗಳೊಳಗೆ ಕೊಡಬೇಕಾದ ಹಣಕ್ಕೆ ತಡವಾದಾಗ ಸಲ್ಲಬೇಕಾದ ಬಡ್ಡಿಯನ್ನು ಕೇಳಿ ಬರೆದ ಎರಡನೆಯ ಪತ್ರಕ್ಕೆ ಉತ್ತರ ಬಂದಿಲ್ಲ. ಅದರ ಅಂಚೆ ರಸೀದಿ ಈಗಲೂ 'ಬರಬೇಕಾದದ್ದು' ಪುಟದಲ್ಲೇ ಇದೆ.