ವ್ಯಾನಿನ ತಲೆಮೇಲೆ ಸೋಲಾರ್, ಡಿಕ್ಕಿಯಲ್ಲಿ ಜನರೇಟರ್?

ಕ್ಯಾಂಪರ್ ವ್ಯಾನಿನಲ್ಲಿ (ಒಳಗೇ ಮಲಗಿ ಉಳಿಯುವ ಪ್ರವಾಸದ ವ್ಯಾನು) ಎಸಿ ಬೇಕೇ ಬೇಕು ಅಂದರೆ ಮಾತು ಮುಗಿಯಿತು, ಜನರೇಟರ್ ತಗೊಳ್ರಿ. ಬೇಡವಾದರೆ ಲೆಕ್ಕ ಸಣ್ಣದು. 30 ವ್ಯಾಟ್ ಫ್ಯಾನ್ 8 ತಾಸಿಗೆ 240 ವ್ಯಾಟ್-ಅವರ್. ದೀಪ, ಮೊಬೈಲ್, ಸಣ್ಣ ಫ್ರಿಜ್ ಸೇರಿ ದಿನಕ್ಕೆ ಸುಮಾರು 700. ಗದಗಿನ ಬೇಸಿಗೆ ಬಿಸಿಲಿಗೆ 200 ವ್ಯಾಟ್ ಪ್ಯಾನೆಲ್, 12 ವೋಲ್ಟ್ 100 ಆಂಪಿಯರ್-ಅವರ್ (ಅಂದರೆ ಸುಮಾರು 1200 ವ್ಯಾಟ್-ಅವರ್) ಲಿಥಿಯಂ ಬ್ಯಾಟರಿ ಸಾಕು. ಲೆಡ್-ಆಸಿಡ್ ಬ್ಯಾಟರಿಯಾದರೆ ಚಾರ್ಜ್ ಅರ್ಧಕ್ಕಿಂತ ಕೆಳಗೆ ಇಳಿಸುವಂತಿಲ್ಲ, ಎರಡು ಬೇಕು. ಫ್ಯೂಸ್ ಬ್ಯಾಟರಿಯ ಪ್ಲಸ್ ತುದಿಗೆ ಹತ್ತಿರವೇ ಇರಲಿ.

ತಂಪಿಗೆಂದು ಬೇವಿನ ಮರದಡಿ ನಿಲ್ಲಿಸಿದರೆ ಕೆಟ್ಟಿತು: ಪ್ಯಾನೆಲ್‌ನ ಸೆಲ್‌ಗಳು ಸಾಲಾಗಿ ಜೋಡಿಸಿದವು, ಒಂದು ಟೊಂಗೆಯ ನೆರಳು ಸಾಕು, ಕರೆಂಟ್ ಕುಸಿಯುತ್ತದೆ. ಎರೆಮಣ್ಣಿನ ಧೂಳನ್ನೂ ಬೆಳಿಗ್ಗೆ ಒರೆಸಿರಿ.

ಧಾರವಾಡದ ಜಿಟಿಜಿಟಿ ಮಳೆಗೆ ಮಾತ್ರ 1 ಕೆವಿಎ ಸಾಮರ್ಥ್ಯದ ಸಣ್ಣ ಜನರೇಟರ್ ಜೊತೆಗಿರಲಿ. ಅದರ ಹೊಗೆಯಲ್ಲಿನ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಜನರೇಟರನ್ನು ವ್ಯಾನಿನಿಂದ 20 ಅಡಿಯಾದರೂ ದೂರ ಇಟ್ಟು ಓಡಿಸಿರಿ. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ಬಿಟ್ಟರೆ ಕಾರ್ಬೊರೇಟರ್ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು) ಕಟ್ಟಿಕೊಳ್ಳುತ್ತದೆ.