ಬೆಟ್ಟದ ನಕ್ಷೆ: ಮೂರು ತಿಂಗಳಲ್ಲಿ ಇಷ್ಟಾಯಿತು

ಶಿರಸಿ ಸೀಮೆಯವರಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ: ನಮ್ಮಲ್ಲಿ ಬೆಟ್ಟ ಅಂದರೆ ಅಡಿಕೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರಲು ಬಿಟ್ಟುಕೊಟ್ಟ ಕಾಡು. ಜಾಗ ಅರಣ್ಯದ್ದು, ಸೊಪ್ಪಿನ ಹಕ್ಕು ತೋಟದವರದ್ದು. ನಮ್ಮ ಪಾಲಿನ ಆರು ಎಕರೆಯಲ್ಲಿ ಎಲ್ಲಿ ಕತ್ತಿ ಹಾಕದೆ ಬಿಟ್ಟರೆ ಮಂಗಟ್ಟೆ ಹಕ್ಕಿಗೆ (ಹಾರ್ನ್‌ಬಿಲ್) ಅನುಕೂಲ ಅಂತ ಹುಡುಕುವುದು ಈ ಕೆಲಸ.

ಜನವರಿ: ಫೋನ್ ಹಿಡಿದು ಅಗಳದ (ಗಡಿಗೆ ತೋಡಿದ ಕಂದಕ) ಗುಂಟ ನಡೆದೆ. ದೊಡ್ಡ ಮರಗಳ ಕೆಳಗೆ ಜಿಪಿಎಸ್ ಹತ್ತು ಮೀಟರ್ ಆಚೀಚೆ ಹಾರುತ್ತದೆ. ಮನೆಗೆ ಬಂದು ನೋಡಿದರೆ ನಾನು ಪಕ್ಕದವರ ಕೊಟ್ಟಿಗೆ ಹೊಕ್ಕು ಹೊರಬಂದಂತಿತ್ತು. ಕೊನೆಗೆ ಗೂಗಲ್ ಅರ್ಥ್‌ನಲ್ಲಿ ಹಳೆಯ ಚಿತ್ರಗಳನ್ನು ಹಿಂದಕ್ಕೆ ಸರಿಸುತ್ತ ಹೋಗಿ, ಅಗಳ ಸ್ಪಷ್ಟವಾಗಿ ಕಾಣುವ ಒಂದು ಬೇಸಿಗೆಯ ಚಿತ್ರದ ಮೇಲೆ ಗೆರೆ ಎಳೆದೆ.

ಮಾರ್ಚ್: ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಪುಕ್ಕಟೆ. 10 ಮೀಟರ್ ಚೌಕಕ್ಕೊಂದು ಚುಕ್ಕಿ. ಆರು ಎಕರೆಗೆ ಸುಮಾರು 240. ಮಳೆಗಾಲದ ಚಿತ್ರದಲ್ಲಿ ಬರೀ ಮೋಡ, ಅಕ್ಟೋಬರಿನದರಲ್ಲಿ ಎಲ್ಲವೂ ಹಸಿರು, ಎರಡೂ ಉಪಯೋಗವಿಲ್ಲ. ಮಾರ್ಚಿನದೇ ಬೇಕು. ಆಗ ಮತ್ತಿ, ನಂದಿ ಎಲೆ ಉದುರಿಸಿ ನಿಂತಿರುತ್ತವೆ, ಎಲೆ ಉದುರದ ಮರಗಳು ಮಾತ್ರ ಎದ್ದು ಕಾಣುತ್ತವೆ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಎನ್‌ಡಿವಿಐ, ಅಂದರೆ ಎಲೆಯ ಹಸಿರಿನ ಅಳತೆ, ತೆಗೆದಾಗ ಎರಡು ಕಡೆ ಗಾಢ ಹಸಿರು ಬಂತು: ಹಳ್ಳದ ದಂಡೆ, ಮತ್ತೆ ಮೇಲಿನ ಮೂಲೆಯಲ್ಲಿ ಹತ್ತಿರ ಹತ್ತಿರ ಒಂದು ಎಕರೆ.

ಮೇಲಿನ ಮೂಲೆ ನೋಡಿ ಹಿಗ್ಗಿಹೋದೆ. ರಾತ್ರಿಯೇ ಅದಕ್ಕೆ ಬಣ್ಣ ಹಚ್ಚಿ, ಬೆಳಿಗ್ಗೆ ಅಪ್ಪಯ್ಯನ ಮುಂದೆ ಹಿಡಿದೆ. ಅವರು ಕನ್ನಡಕ ಸರಿಮಾಡಿಕೊಂಡು, "ಅಕೇಶಿಯಾ ನೆಟ್ಟ ಜಾಗ ಅಲ್ದನಾ ಅದು?" ಅಂದರು.

ಹೌದು, ಅಕೇಶಿಯಾ. ವರ್ಷವಿಡೀ ಹಸಿರು, ಹಾಗಾಗಿ ಎನ್‌ಡಿವಿಐ ಲೆಕ್ಕದಲ್ಲಿ ಅದೂ ಕಾಡಿನ ಉಪ್ಪಾಗೆ ಮರವೂ ಒಂದೇ. ಮಂಗಟ್ಟೆಗೆ ಒಂದೇ ಅಲ್ಲ. ಮೊಟ್ಟೆಯಿಡಲು ಹೆಣ್ಣು ಪೊಟರೆಯೊಳಗೆ ಕೂತು ಬಾಗಿಲು ಮೆತ್ತಿಕೊಂಡ ಮೇಲೆ ಹೊರಗಿನಿಂದ ಗಂಡು ಹಣ್ಣು ಹೊತ್ತು ತರಬೇಕು. ಅದಕ್ಕೆ ಪೊಟರೆ ಬಿದ್ದ ಹಳೇ ಮರ ಬೇಕು, ಹತ್ತಿರದಲ್ಲೇ ಗೋಣಿ, ಬಸರಿ, ಆಲದಂಥ ಹಣ್ಣಿನ ಮರ ಬೇಕು. ಅಕೇಶಿಯಾದಲ್ಲಿ ಇದ್ಯಾವುದೂ ಇಲ್ಲ.

ಹಾಗಾಗಿ ಎರಡು ಭಾನುವಾರ ಬೆಟ್ಟ ಸುತ್ತಿ ಹಣ್ಣಿನ ಮರ, ಪೊಟರೆ ಮರಗಳನ್ನು ಒಂದೊಂದಾಗಿ ಗೂಗಲ್ ಮೈ ಮ್ಯಾಪ್ಸ್‌ಗೆ ಏರಿಸಿದೆ. 23 ಮರಗಳಲ್ಲಿ ನಾಲ್ಕು ಬಿಟ್ಟರೆ ಉಳಿದವೆಲ್ಲ ಹಳ್ಳದ ಹತ್ತಿರ. ಹಳ್ಳ ನಮ್ಮ ಗಡಿಯೊಳಗೆ ಹರಿಯುವುದು 100 ಮೀಟರ್. ಎರಡೂ ಬದಿ 30 ಮೀಟರ್ ಬಿಟ್ಟರೆ ಒಂದೂವರೆ ಎಕರೆ ಆಗುತ್ತದೆ. ಅಲ್ಲಿ ಸೊಪ್ಪು ಕಡಿಯುವುದಿಲ್ಲ, ಒಣಗಿ ನಿಂತ ಮರವನ್ನೂ ಕಟ್ಟಿಗೆಗೆ ತರುವುದಿಲ್ಲ.

ದರಕಿನ ವಿಷಯ ಇನ್ನೂ ಬಗೆಹರಿದಿಲ್ಲ. ಗುಡಿಸದೆ ಬಿಟ್ಟರೆ ಮಣ್ಣಿಗೆ ಒಳ್ಳೆಯದು, ಬೆಂಕಿಗೂ ಒಳ್ಳೆಯದು! ನಾಸಾದ ಬೆಂಕಿ ನಕ್ಷೆಯ ಒಂದು ಚುಕ್ಕಿ 375 ಮೀಟರ್ ಚೌಕ, ಅದರೊಳಗೆ ನಮ್ಮಂಥ ಐದು ಬೆಟ್ಟ ಹಿಡಿಸುತ್ತವೆ; ಬೆಂಕಿ ಯಾವ ಮೂಲೆಯಲ್ಲಿ ಬಿತ್ತು ಅಂತ ಅದರಿಂದ ತಿಳಿಯದು. ಸದ್ಯಕ್ಕೆ ಮೇಲಿನ ಅಂಚಿನಲ್ಲಿ ಮೂರು ಮೀಟರ್ ಅಗಲ ಗುಡಿಸಿ ಬೆಂಕಿ ರೇಖೆ ಮಾಡಿದ್ದೇವೆ. ಆ ದರಕು ತೋಟಕ್ಕೆ ಹೋಯಿತು, ಅಪ್ಪಯ್ಯ ಸಮಾಧಾನವಾದರು.

ಇನ್ನೊಂದು ತೊಡಕು. ಎಲ್ಲಕ್ಕಿಂತ ಒಳ್ಳೆಯ ಪೊಟರೆ ಇರುವುದು ಒಂದು ಮುದಿ ಮತ್ತಿಮರದಲ್ಲಿ. ಫೋನಿನ ಪ್ರಕಾರ ಅದು ನಮ್ಮದು, ಅಗಳದ ಪ್ರಕಾರ ಪಕ್ಕದವರದ್ದು. ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆಸಿಟ್ಟಿದ್ದೇನೆ. ಈ ಭಾನುವಾರ ಅವರ ಮನೆಗೆ ಹೋಗಬೇಕು, ಈ ಸಲ ಕೊಟ್ಟಿಗೆಯಲ್ಲಿ ಅಲ್ಲ, ಮುಂಬಾಗಿಲಲ್ಲಿ.