ಮಾರ್ ಸಾಬಾ: ಬಾಗಿಲಿನ ಆಚೆಯಿಂದ

ಬೆತ್ಲೆಹೇಮಿನ ಪೂರ್ವಕ್ಕೆ, ಉಬೈದಿಯಾ ಊರನ್ನು ದಾಟಿ ಯೂದಾಯದ ಬೋಳುಗುಡ್ಡಗಳ ನಡುವೆ ಸಾಗಿದರೆ, ಕಿದ್ರೋನ್ ಕಮರಿಯ ಅಂಚಿಗೆ ಅಂಟಿಕೊಂಡಂತೆ ನಿಂತಿರುವ ಮಾರ್ ಸಾಬಾ ಎಂಬ ಕ್ರೈಸ್ತ ಸನ್ಯಾಸಿಗಳ ಮಠ ಒಮ್ಮೆಲೇ ಕಣ್ಣಿಗೆ ಬೀಳುತ್ತದೆ. ಅದರ ಬಾಗಿಲಲ್ಲಿ ನಮ್ಮ ಪ್ರಯಾಣ ಎರಡು ಹೋಳಾಯಿತು. ಹೆಂಗಸರಿಗೆ ಒಳಗೆ ಪ್ರವೇಶವಿಲ್ಲವಾದ್ದರಿಂದ ನನ್ನ ಗಂಡ ಮಾತ್ರ ಒಳಗೆ ಹೋದರು. ನನ್ನ ಪಾಲಿಗೆ ಉಳಿದದ್ದು ಗೋಡೆಯ ಹೊರಗಿನ ‘ಹೆಂಗಸರ ಗೋಪುರ’. ಇಂಥ ಬಾಗಿಲುಗಳು ನಮಗೆ ಊರಲ್ಲೂ ಹೊಸತಲ್ಲ, ಆದರೂ ಸಿಟ್ಟು ಬಂದದ್ದು ನಿಜ.

ಗೋಪುರದ ಬಳಿ ಹೆಚ್ಚು ಹೊತ್ತು ನಿಲ್ಲಲಾಗದೆ ನಾನು ಕಮರಿಗಿಳಿದು ಎದುರು ದಂಡೆಯನ್ನು ಹತ್ತಿದೆ. ಜೆರುಸಲೇಮಿನ ಕೊಳಚೆ ಹರಿದು ಬರುತ್ತಿದ್ದ ಆ ಹಳ್ಳದ ನಾತವನ್ನು ಯಾವ ಚಿತ್ರವೂ ಮೊದಲೇ ತಿಳಿಸಿರಲಿಲ್ಲ. ಮೇಲೆ ಕುಳಿತು ನೋಡಿದಾಗ ಕಂಡದ್ದು ಬರೀ ಮಠದ ನೀಲಿ ಗುಮ್ಮಟವಲ್ಲ, ಎರಡೂ ಬದಿಯ ಬಂಡೆಗಳಲ್ಲಿ ಜೇನುಹುಟ್ಟಿನ ಕಣ್ಣುಗಳಂತೆ ತೆರೆದುಕೊಂಡ ಗವಿಗಳು.

ಇಂದಿನ ಟರ್ಕಿಯ ಕಪ್ಪದೋಕ್ಯದಲ್ಲಿ 439ರಲ್ಲಿ ಹುಟ್ಟಿದ, ಈ ಮಠಕ್ಕೆ ಹೆಸರು ಕೊಟ್ಟ ಸನ್ಯಾಸಿ ಸಾಬಾ 478ರ ಸುಮಾರಿಗೆ ಬಂದು ಸೇರಿದ್ದು ಈ ಎದುರು ದಂಡೆಯ ಗವಿಯೊಂದನ್ನು. ಹತ್ತಿಳಿಯುವುದು ಎಷ್ಟು ಕಷ್ಟವಾಗಿತ್ತೆಂದರೆ ಆತ ಗವಿಯ ಬಾಯಿಗೆ ಹಗ್ಗವೊಂದನ್ನು ಕಟ್ಟಿಕೊಂಡಿದ್ದ. ಐದು ವರ್ಷ ಒಂಟಿಯಾಗಿದ್ದ ಮೇಲೆ, 483ರಿಂದ, ಶಿಷ್ಯರು ಬಂದು ಸುತ್ತಲಿನ ಗವಿಗಳಲ್ಲಿ ನೆಲೆಸತೊಡಗಿದರು. ಈ ಬಗೆಯ ನೆಲೆಯನ್ನು ಗ್ರೀಕರು ‘ಲಾವ್ರಾ’ ಎಂದರು. ಆ ಮಾತಿಗೆ ಓಣಿ ಎಂದೇ ಅರ್ಥ. ವಾರದ ಐದು ದಿನ ಒಬ್ಬೊಬ್ಬರೂ ತಮ್ಮ ಗವಿಯಲ್ಲಿ ಮೌನವಾಗಿ ಖರ್ಜೂರದ ಗರಿಯ ಬುಟ್ಟಿ ಹೆಣೆಯುತ್ತ ಪ್ರಾರ್ಥಿಸಿ, ಶನಿವಾರ, ಭಾನುವಾರಗಳಂದು ಓಣಿ ಹಿಡಿದು ಬಂದು ಒಟ್ಟಿಗೆ ಪೂಜೆ ಸಲ್ಲಿಸಿ ಉಣ್ಣುತ್ತಿದ್ದರು. ಅಂದರೆ ಸಾಬಾ ಕಟ್ಟಿದ ಮಠಕ್ಕೆ ಈ ಕಮರಿಯೇ ಅಂಗಳವಾಗಿತ್ತು. ಇಂದಿನ ಕೋಟೆಯಂಥ ಕಟ್ಟಡ ಅದರ ಒಂದು ಮೂಲೆಯಲ್ಲಿ ಮುಂದೆ ಬೆಳೆದು ನಿಂತದ್ದು. 614ರ ಪರ್ಷಿಯನ್ನರ ದಂಡಯಾತ್ರೆಯ ಕಾಲದಲ್ಲಿ ಇಲ್ಲಿನ ಸನ್ಯಾಸಿಗಳು ಕೊಲೆಯಾದದ್ದನ್ನು ನೆನೆದರೆ ಅಷ್ಟು ದಪ್ಪ ಗೋಡೆಗಳೇಕೆ ಎಂದು ಕೇಳಬೇಕೆನಿಸುವುದಿಲ್ಲ.

ಗಂಡ ಹೊರಬಂದವರೇ, 532ರಲ್ಲಿ ತೀರಿಕೊಂಡ ಸಾಬಾನ ದೇಹವನ್ನು ಗಾಜಿನ ಪೆಟ್ಟಿಗೆಯಲ್ಲಿ ಕಂಡದ್ದನ್ನೂ, ವೆನಿಸ್ಸಿಗೆ ಒಯ್ದಿದ್ದ ಅದು 1965ರಲ್ಲಷ್ಟೇ ಮರಳಿದ್ದನ್ನೂ ಉತ್ಸಾಹದಿಂದ ಹೇಳಿದರು. ನಾನು ಎಷ್ಟು ಗವಿ ಎಣಿಸಿದೆ ಎಂದು ಅವರು ಕೇಳಲಿಲ್ಲ. ಮೂವತ್ತೊಂದರ ಬಳಿ ಬಿಸಿಲು ಕಣ್ಣಿಗೆ ಹೊಡೆದು ಲೆಕ್ಕ ತಪ್ಪಿತ್ತು.